ಅಮೆರಿಕಕ್ಕೆ ಬಂದ ತಾತನ ಎ-ಫೈಲ್ ತರಿಸಿಕೊಳ್ಳುವುದು ಹೇಗೆ?

ಅಮೆರಿಕದಲ್ಲಿ ಮನೆತನದ ಚರಿತ್ರೆ ಹುಡುಕಲು ಹೊರಟರೆ, ಹಿಂದೆ ಹಡಗಿನಲ್ಲಿ ಬಂದ ವಲಸಿಗರು ಇಳಿಯುತ್ತಿದ್ದ ನ್ಯೂಯಾರ್ಕಿನ ಎಲ್ಲಿಸ್ ದ್ವೀಪದ ಹಡಗಿನ ಪಟ್ಟಿ ನೋಡಿ ಅಂತ ಯಾರಾದರೂ ಹೇಳೇ ಹೇಳುತ್ತಾರೆ. ನಮ್ಮವರಿಗೆ ಅದರಿಂದ ಜಾಸ್ತಿ ಉಪಯೋಗವಿಲ್ಲ. 1917ರ ಕಾನೂನು ಭಾರತೀಯರ ವಲಸೆಗೆ ತಡೆ ಹಾಕಿತು. 1923ರಲ್ಲಿ ಭಗತ್ ಸಿಂಗ್ ತಿಂಡ್ ಪ್ರಕರಣದಲ್ಲಿ ಭಾರತೀಯರು ಪೌರತ್ವಕ್ಕೆ ಅರ್ಹರಲ್ಲ ಅಂತ ತೀರ್ಪು ಬಂದ ಮೇಲೆ, ಆಗಲೇ ಪೌರತ್ವ ಪಡೆದಿದ್ದ ಹಲವರೂ ಅದನ್ನು ಕಳೆದುಕೊಂಡರು. 1946ರಲ್ಲಿ ದಾರಿ ತೆರೆದರೂ ವರ್ಷಕ್ಕೆ ಸುಮಾರು 100 ಜನರಿಗಷ್ಟೇ ಅವಕಾಶ. ಕನ್ನಡದ ಕುಟುಂಬಗಳಲ್ಲಿ ಹೆಚ್ಚಿನವು ಬಂದದ್ದು ಆ ಮಿತಿ ತೆಗೆದ 1965ರ ಕಾನೂನಿನ ನಂತರ, ಅದೂ ವಿಮಾನದಲ್ಲಿ. ಹಾಗಾಗಿ ನಿಮಗೆ ಬೇಕಾದದ್ದು ಎ-ಫೈಲ್, ಅಂದರೆ ಒಬ್ಬೊಬ್ಬ ವಲಸಿಗರ ಹೆಸರಿನಲ್ಲಿ ಅಮೆರಿಕದ ವಲಸೆ ಇಲಾಖೆ ಇಟ್ಟ ಕಡತ.

ವಲಸೆ ಇಲಾಖೆ ಎ-ಫೈಲ್ ಶುರುಮಾಡಿದ್ದು 1944ರ ಏಪ್ರಿಲ್‌ನಲ್ಲಿ. 1956ರ ಏಪ್ರಿಲ್‌ನಿಂದ ಪೌರತ್ವದ ಕಾಗದಗಳೂ ಅದರಲ್ಲೇ ಸೇರುತ್ತಿವೆ. ಫೋಟೊ, ವೀಸಾ ಅರ್ಜಿ, ಮದುವೆಯ ದಾಖಲೆ ಎಲ್ಲ ಅಲ್ಲಿ ಸಿಗಬಹುದು. ನನ್ನ ಮಟ್ಟಿಗೆ ಬಂಗಾರದಂಥದ್ದು ಜಿ-325 ಫಾರಂ. ತಂದೆ ತಾಯಿಯ ಹೆಸರು, ಅವರು ಹುಟ್ಟಿದ ಊರು, ಅರ್ಜಿದಾರರು ಹಿಂದಿನ ಐದು ವರ್ಷ ಇದ್ದ ವಿಳಾಸಗಳು, ಮಾಡಿದ ಕೆಲಸಗಳು ಎಲ್ಲವನ್ನೂ ಅದು ಕೇಳುತ್ತಿತ್ತು. ಮುತ್ತಜ್ಜಿಯ ಹೆಸರು ಮನೆಯಲ್ಲಿ ಯಾರಿಗೂ ನೆನಪಿಲ್ಲದಿದ್ದರೂ ಇಲ್ಲಿ ಟೈಪ್ ಆಗಿ ಕೂತಿರಬಹುದು.

ತೊಡಕು ಇರುವುದು ನಮ್ಮ ಹೆಸರುಗಳಲ್ಲಿ. ಊರಲ್ಲಿ ಟಿ.ಎಸ್. ಮಂಜುನಾಥ ಅಂತ ಒಬ್ಬರಿದ್ದರು ಅಂದುಕೊಳ್ಳಿ. ಇಲ್ಲಿನ ಫೈಲಿನಲ್ಲಿ ಅವರ ಮನೆಹೆಸರಿನ ಜಾಗದಲ್ಲಿ ತುಮಕೂರು ಇರಬಹುದು, ಅಪ್ಪನ ಹೆಸರು ಶಿವಣ್ಣ ಇರಬಹುದು, ಮಂಜುನಾಥ ಅಂತಲೇ ಇರಬಹುದು. ಅರ್ಜಿಯಲ್ಲಿ ಮೂರನ್ನೂ ಬರೆಯಿರಿ. ಹುಟ್ಟಿದ ತಾರೀಕೂ ಅಷ್ಟೇ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡದ್ದು ಒಂದು, ಜಾತಕದಲ್ಲಿ ಇರುವುದು ಇನ್ನೊಂದು, ಅಲ್ವಾ? ಸರ್ಕಾರಿ ಕಾಗದಕ್ಕೆ ಹೋಗಿರುವುದು ಸಾಮಾನ್ಯವಾಗಿ ಮೇಷ್ಟ್ರ ತಾರೀಕು. ಹುಟ್ಟೂರಿನ ಮುಂದೆ ‘ಕರ್ನಾಟಕ’ ಅಂತಲೇ ಹುಡುಕಬೇಡಿ. 1973ರ ನವೆಂಬರ್‌ವರೆಗೆ ಅದು ಮೈಸೂರು ರಾಜ್ಯ. ಅದಕ್ಕೂ ಹಿಂದಿನ ಲೆಕ್ಕದಲ್ಲಿ ಧಾರವಾಡ ಮುಂಬೈಗೆ, ಮಂಗಳೂರು ಮದ್ರಾಸಿಗೆ, ಕಲಬುರಗಿ ಹೈದರಾಬಾದಿಗೆ ಸೇರಿತ್ತು.

ಫೈಲ್ ಕೇಳುವುದು ಮಾಹಿತಿ ಸ್ವಾತಂತ್ರ್ಯ ಕಾಯ್ದೆಯ ಅಡಿಯಲ್ಲಿ, ನಮ್ಮ ಆರ್‌ಟಿಐ ಇದ್ದ ಹಾಗೆ. ಪೌರತ್ವ ಮತ್ತು ವಲಸೆ ಇಲಾಖೆ ಯುಎಸ್‌ಸಿಐಎಸ್‌ನ ವೆಬ್‌ಸೈಟಿನಲ್ಲಿ ಖಾತೆ ತೆರೆದು ಅಲ್ಲೇ ಅರ್ಜಿ ಹಾಕಬಹುದು. ವಂಶಾವಳಿಗೆಂದೇ ಅದೇ ಇಲಾಖೆಯ ಇನ್ನೊಂದು ವಿಭಾಗವಿದೆ. ಆದರೆ ಅದು ಹಣ ತೆಗೆದುಕೊಂಡು 1951ರ ಮೇ ತಿಂಗಳಿಗಿಂತ ಹಿಂದಿನ ಎ-ಫೈಲ್ ಮಾತ್ರ ಕೊಡುತ್ತದೆ. ಸುಮ್ನೆ ಅಲ್ಲಿ ದುಡ್ಡು ಕಟ್ಟಬೇಡಿ.

ಫೈಲಿನ ಸಂಖ್ಯೆಯಾದ ಎ-ನಂಬರ್ ಹಳೆಯ ಗ್ರೀನ್ ಕಾರ್ಡಿನಲ್ಲೋ ಪೌರತ್ವದ ಸರ್ಟಿಫಿಕೇಟಿನಲ್ಲೋ ಇರುತ್ತದೆ. ತೀರಿಕೊಂಡವರ ಫೈಲಾದರೆ ಮರಣ ಪ್ರಮಾಣಪತ್ರ ಲಗತ್ತಿಸಿ. ಅದು ಕನ್ನಡದಲ್ಲಿದ್ದರೆ ಇಂಗ್ಲಿಷ್ ಅನುವಾದವೂ ಜೊತೆಗಿರಲಿ. ಹುಟ್ಟಿ 100 ವರ್ಷ ದಾಟಿದ್ದರೆ ಮರಣದ ಪುರಾವೆ ಬೇಕಿಲ್ಲ. ಬದುಕಿರುವವರ ಫೈಲಿಗೆ ಅವರ ಒಪ್ಪಿಗೆಯ ಸಹಿ ಬೇಕು. ಅಜ್ಜಿ ಇನ್ನೂ ಇದ್ದರೆ ಅವರ ಹೆಸರಿನಲ್ಲೇ ಈಗಲೇ ಅರ್ಜಿ ಹಾಕಿಸಿ. ಫೈಲ್ ಬಂದಾಗ ಅದರಲ್ಲಿರುವ ಸಾಕ್ಷಿಗಳು ಯಾರು, ವಿಳಾಸ ಯಾರ ಮನೆಯದು ಅಂತ ಅವರನ್ನೇ ಕೇಳಬಹುದು.