ತೊಗಲಿಗೆ ಬಣ್ಣ: ಗೆರೆ, ಕಲೆ ಬಾರದಂತೆ ಹಚ್ಚುವುದು ಹೇಗೆ?

ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಸಿಕ್ಕ ಭೌಗೋಳಿಕ ಸೂಚಕ ಮಾನ್ಯತೆಯಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರವೂ ಇವೆ. ಅಥಣಿ, ನಿಪ್ಪಾಣಿ ಕಡೆ ಈ ಚಪ್ಪಲಿಗೆ ಬಳಸುವುದು ಜಾಲಿ ತೊಗಟೆ, ಅಳಲೆಕಾಯಿಯಂಥ ಗಿಡಮೂಲಿಕೆಯಲ್ಲಿ ಹದ ಮಾಡಿದ ತೊಗಲು. ಅದು ಬಣ್ಣವನ್ನು ಚೆನ್ನಾಗಿ ಕುಡಿಯುತ್ತದೆ, ಆದರೆ ಎಲ್ಲ ಕಡೆ ಒಂದೇ ಸಮ ಕುಡಿಯುವುದಿಲ್ಲ. ಬೆನ್ನಿನ ಭಾಗ ಬಿಗಿ, ಹೊಟ್ಟೆಯ ಭಾಗ ಸಡಿಲ. ಸಡಿಲ ಇದ್ದಲ್ಲಿ ಬಣ್ಣ ಹೆಚ್ಚು ಇಳಿದು ಗಾಢವಾಗುತ್ತದೆ. ಎಣ್ಣೆ, ಬೆವರು, ಅಂಟು ತಾಗಿದಲ್ಲಿ ಇಳಿಯುವುದೇ ಇಲ್ಲ. ಗೆರೆ ಬಿತ್ತೆಂದರೆ ಕೈ ಸರಿಯಿಲ್ಲ ಅಂದುಕೊಳ್ಳುತ್ತೇವೆ. ಬಹಳಷ್ಟು ಸಲ ತಪ್ಪಾಗಿರುವುದು ಬಣ್ಣದ ಬಾಟಲಿ ತೆರೆಯುವ ಮೊದಲೇ.

ಹೀಗಾಗಿ ಕತ್ತರಿಸುವಾಗಲೇ ಎಚ್ಚರ ಬೇಕು. ಜೋಡಿಯ ಎಡ, ಬಲ ಎರಡೂ ಪಟ್ಟಿಗಳನ್ನು ಒಂದೇ ತೊಗಲಿನ ಅಕ್ಕಪಕ್ಕದ ಜಾಗದಿಂದ ತೆಗೆಯಿರಿ. ಹೊಲಿಯುವ, ಹೆಣೆಯುವ ಮೊದಲೇ ಬಣ್ಣ ಹಚ್ಚಿ. ಹೆಣೆದ ಮೇಲೆ ಹಚ್ಚಿದರೆ ಮಡಿಕೆಯೊಳಗೆ ಬಣ್ಣ ನಿಂತು ಅಂಚಿನಲ್ಲಿ ಕಪ್ಪು ಗೆರೆ ಮೂಡುತ್ತದೆ, ಪಟ್ಟಿ ಸರಿದಾಗ ಅಡಿಯಲ್ಲಿ ಬಣ್ಣ ತಾಗದ ತೊಗಲು ಕಾಣುತ್ತದೆ.

ಇನ್ನು ಮೇಲ್ಮೈ ತೊಳೆಯುವುದು. ಬಿಳಿ ಹತ್ತಿ ಬಟ್ಟೆಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಹಿಂಡಿ, ಇಡೀ ತುಂಡನ್ನು ಒರೆಸಿ. ಒಣಗಿದ ಮೇಲೆ ಮೂರ್ನಾಲ್ಕು ಕಡೆ ಒಂದೊಂದು ಹನಿ ನೀರು ಬಿಟ್ಟು ನೋಡಿ. ಹನಿ ಹರಡಿ, ಅಡಿಯ ತೊಗಲು ಕಂದಾಗಿ ಬೇಗ ಹೀರಿಕೊಂಡರೆ ಸರಿ. ಹನಿ ಗುಂಡಗೆ ಹಾಗೇ ಕೂತಿದ್ದರೆ ಅಲ್ಲಿ ಎಣ್ಣೆಯೋ ಪಾಲಿಶ್ಶೋ ಉಳಿದಿದೆ. ಅಷ್ಟು ಜಾಗ ಮತ್ತೆ ಒರೆಸಿ. ಈ ಪರೀಕ್ಷೆಯನ್ನು ಮಾತ್ರ ಬಿಡಬೇಡಿ.

ಗಿಡಮೂಲಿಕೆ ಹದದ ತೊಗಲಿಗೆ ಕಬ್ಬಿಣ ಆಗಿಬರುವುದಿಲ್ಲ. ತೊಗಟೆಯ ಒಗರಿನ ಅಂಶ, ಅಂದರೆ ಟ್ಯಾನಿನ್, ಕಬ್ಬಿಣದ ಜೊತೆ ಸೇರಿದರೆ ಕಪ್ಪು ಅಥವಾ ಬೂದುಗಪ್ಪು ಚುಕ್ಕೆ ಬೀಳುತ್ತದೆ. ಒದ್ದೆ ತೊಗಲನ್ನು ಕಬ್ಬಿಣದ ಬುಟ್ಟಿಯಲ್ಲಿ ಇಡಬೇಡಿ, ತುಕ್ಕು ಹಿಡಿದ ಚಾಕು ಮುಟ್ಟಿಸಬೇಡಿ. ಕೊಳವೆಬಾವಿಯ ನೀರಿನಲ್ಲಿ ಕಬ್ಬಿಣದ ಅಂಶ ಇದ್ದರೆ ಮಳೆನೀರು ಅಥವಾ ಫಿಲ್ಟರ್ ನೀರು ಬಳಸಿ. ಚುಕ್ಕೆ ಬಿದ್ದೇ ಬಿಟ್ಟಿದ್ದರೆ ಅರ್ಧ ಲೀಟರ್ ನೀರಿಗೆ ಒಂದು ಟೀ ಚಮಚ ಆಕ್ಸಾಲಿಕ್ ಆಮ್ಲ ಕರಗಿಸಿ, ಕಲೆಯಷ್ಟಕ್ಕೇ ಅಲ್ಲ, ಇಡೀ ತುಂಡಿಗೆ ಸ್ಪಂಜಿನಿಂದ ಸವರಿ, ಆಮೇಲೆ ಶುದ್ಧ ನೀರಿನಿಂದ ಚೆನ್ನಾಗಿ ಒರೆಸಿ. ಈ ಆಮ್ಲ ವಿಷ. ಕೈಗವಸು ಹಾಕಿಕೊಳ್ಳಿ, ಅಡುಗೆ ಪಾತ್ರೆ ಬಳಸಬೇಡಿ, ಮಕ್ಕಳ ಕೈಗೆ ಸಿಗದಂತೆ ಇಡಿ.

ಈಗ ಬಣ್ಣ. ಬಾಟಲಿಯಿಂದ ನೇರವಾಗಿ ಹಚ್ಚುವುದೇ ಗೆರೆಗೆ ದೊಡ್ಡ ಕಾರಣ. ಗಟ್ಟಿ ಬಣ್ಣ ಮುಟ್ಟಿದ ಜಾಗದಲ್ಲೇ ಕಚ್ಚಿಕೊಳ್ಳುತ್ತದೆ, ಹರಡಲು ಪುರುಸೊತ್ತು ಕೊಡುವುದಿಲ್ಲ. ಸ್ಪಿರಿಟ್‌ನಲ್ಲಿ ಕರಗಿಸಿದ ಬಣ್ಣವಾದರೆ ಮೊದಲ ಕೈಗೆ, ಅಂದರೆ ಮೊದಲ ಸಲ ಹಚ್ಚುವಾಗ, ಒಂದು ಪಾಲು ಬಣ್ಣಕ್ಕೆ ಎರಡು ಪಾಲು ಅದೇ ಕಂಪನಿಯ ತೆಳುಕಾರಕ (ಥಿನ್ನರ್) ಬೆರೆಸಿ. ಮುಂದಿನ ಕೈಗಳಿಗೆ ಸಮಪಾಲು ಸಾಕು. ನೀರಿನಲ್ಲಿ ಕರಗಿಸಿದ ಬಣ್ಣವಾದರೆ ತೊಗಲನ್ನು ಮೊದಲು ಹಿಂಡಿದ ಸ್ಪಂಜಿನಿಂದ ಎಲ್ಲ ಕಡೆ ಸಮನಾಗಿ ತೇವ ಮಾಡಿಕೊಳ್ಳಿ. ಇಡೀ ಜೋಡಿಗೆ ಬೇಕಾಗುವಷ್ಟನ್ನು ಒಂದೇ ಸಲ ಕಲಸಿಟ್ಟುಕೊಳ್ಳಿ, ಎರಡನೇ ಸಲ ಕಲಸಿದ್ದು ಮೊದಲಿನದಕ್ಕೆ ಕೂಡುವುದಿಲ್ಲ. ಕತ್ತರಿಸಿದ ಚೂರಿನ ಮೇಲೆ ಹಚ್ಚಿ, ಒಣಗಿದ ಮೇಲೆ ಬಣ್ಣ ನೋಡಿ. ಒದ್ದೆಯಿದ್ದಾಗ ಯಾವಾಗಲೂ ಗಾಢವಾಗಿಯೇ ಕಾಣುತ್ತದೆ.

ಬ್ರಷ್ ಬೇಡ, ಅದರ ಎಳೆಗಳೇ ಗೆರೆ ಬಿಡುತ್ತವೆ. ಉಣ್ಣೆಯ ಉಂಡೆ ಅಥವಾ ಮಡಿಸಿದ ಬನಿಯನ್ ಬಟ್ಟೆ ತೆಗೆದುಕೊಳ್ಳಿ. ಅದ್ದಿದ ಕೂಡಲೇ ತೊಗಲಿಗೆ ಇಟ್ಟರೆ ಆ ಜಾಗ ಕಲೆಯಾಗುತ್ತದೆ. ಮೊದಲು ಚೂರಿನ ಮೇಲೆ ಒತ್ತಿ ಹೆಚ್ಚಿನದನ್ನು ಬಿಡಿಸಿ. ಒಂದು ತುದಿಯಿಂದ ಆರಂಭಿಸಿ ಸಣ್ಣ ವೃತ್ತಗಳಲ್ಲಿ, ಒದ್ದೆ ಅಂಚು ಒಣಗಲು ಬಿಡದೆ, ನಡುವೆ ನಿಲ್ಲಿಸದೆ ಇನ್ನೊಂದು ತುದಿ ಮುಟ್ಟಿ. ಒಣಗಿದ ಅಂಚಿನ ಮೇಲೆ ಮತ್ತೆ ಬಣ್ಣ ಬಿದ್ದರೆ ಅಲ್ಲಿ ಎರಡು ಪದರವಾಗುತ್ತದೆ. ನಾವು ಗೆರೆ ಎನ್ನುವುದು ಅದನ್ನೇ. ಏಪ್ರಿಲ್, ಮೇ ತಿಂಗಳ ವಿಜಯಪುರದ ಬಿಸಿಲಿಗೆ ಸ್ಪಿರಿಟ್ ಕಣ್ಣೆದುರೇ ಹಾರಿಹೋಗುತ್ತದೆ. ಬೆಳಗಿನ ತಂಪಿನಲ್ಲಿ, ನೆರಳಿನಲ್ಲಿ ಕೂತು ಮಾಡಿ, ಫ್ಯಾನ್ ಆರಿಸಿ, ಕಿಟಕಿ ತೆರೆದಿಡಿ. ಹತ್ತಿರ ಬೆಂಕಿ, ಬೀಡಿ ಇರಕೂಡದು.

ಅರ್ಧ ಗಂಟೆ ಬಿಟ್ಟು ಎರಡನೇ ಕೈಯನ್ನು ಉದ್ದಕ್ಕೆ, ಮೂರನೆಯದನ್ನು ಅಡ್ಡಕ್ಕೆ ಹಚ್ಚಿ. ಕತ್ತರಿಸಿದ ಅಂಚು, ರಂಧ್ರಗಳ ಸುತ್ತ ಬಟ್ಟೆಯಲ್ಲಿ ಬಣ್ಣ ಕಡಿಮೆ ಇರಲಿ, ಅವು ತಾವೇ ಎಳೆದುಕೊಳ್ಳುತ್ತವೆ. ಅಚ್ಚ ಕಪ್ಪು ಬೇಕಾದವರು ಮೊದಲ ಕೈ ಗಾಢ ಕಂದು ಹಚ್ಚಿದರೆ ಕಪ್ಪು ಬಣ್ಣ ಕಡಿಮೆ ಸಾಕಾಗುತ್ತದೆ.

ಇಷ್ಟರ ಮೇಲೂ ಗೆರೆ ಕಂಡರೆ ಅದರ ಮೇಲಷ್ಟೇ ತಿದ್ದಲು ಹೋಗಬೇಡಿ, ಕಲೆ ಬೆಳೆಯುತ್ತದೆ. ಬರೀ ಸ್ಪಿರಿಟ್ ತಾಗಿಸಿದ ಬಟ್ಟೆಯಿಂದ ಇಡೀ ತುಂಡನ್ನು ಒರೆಸಿದರೆ ಬಣ್ಣ ಸಡಿಲವಾಗಿ ತಕ್ಕಮಟ್ಟಿಗೆ ಹಂಚಿಕೊಳ್ಳುತ್ತದೆ. ಅದಕ್ಕೂ ಬಗ್ಗದಿದ್ದರೆ ಇನ್ನೊಂದು ಮೆಟ್ಟಿಲು ಗಾಢ ಬಣ್ಣಕ್ಕೆ ಹೋಗುವುದೇ ದಾರಿ.

ಒಂದು ದಿನ ಪೂರ್ತಿ ನೆರಳಿನಲ್ಲಿ ಒಣಗಿಸಿ. ಮೇಲ್ಮೈಯಲ್ಲಿ ಲೋಹದಂಥ ಹೊಳಪು ಕಂಡರೆ ಅದು ತೊಗಲು ಕುಡಿಯದೆ ಉಳಿದ ಬಣ್ಣದ ಪುಡಿ. ಒಣ ಬಟ್ಟೆಯಿಂದ ಜೋರಾಗಿ ಉಜ್ಜಿ. ಬಿಳಿ ಬಟ್ಟೆಗೆ ಬಣ್ಣ ಹತ್ತುವುದು ನಿಲ್ಲುವವರೆಗೂ ಉಜ್ಜಬೇಕು. ಆಮೇಲೆ ಬಟ್ಟೆಗೆ ನಾಲ್ಕೈದು ಹನಿ ಔಡಲ ಎಣ್ಣೆ ಹಾಕಿ ತೆಳುವಾಗಿ ಸವರಿ, ರಾತ್ರಿ ಬಿಟ್ಟು ಮೇಣದ ಪಾಲಿಶ್ ಕೊಡಿ. ಪಾಲಿಶ್‌ನ ಮೊದಲ ಕೈ ಹಗುರವಾಗಿರಲಿ, ಒತ್ತಿ ತಿಕ್ಕಿದರೆ ಬಣ್ಣವೂ ಎದ್ದು ಬರುತ್ತದೆ.