ಬಸುರಿನಲ್ಲಿ ರಕ್ತ ಕಂಡರೆ: ಟೈಮ್ ಬರೆಯಿರಿ, ಪ್ಯಾಡ್ ಎಣಿಸಿ

ನಾನು ಗುಳೇದಗುಡ್ಡದಲ್ಲಿ ಖಣದ ಕುಪ್ಪಸ ಹೊಲಿಯುವವಳು. ಎರಡು ವರ್ಷದ ಹಿಂದೆ, ಎಂಟನೇ ವಾರದಲ್ಲಿ, ಮಷೀನ್ ಬಿಟ್ಟು ಎದ್ದಾಗ ಲಂಗದ ಮೇಲೆ ರೂಪಾಯಿಯಗಲ ಕಂದು ಕಲೆ. ಕೆಂಪು ಖಣ ಬಣ್ಣ ಬಿಟ್ಟಿರಬೇಕು ಅಂದುಕೊಂಡೆ. ಕಿಟಕಿ ಹತ್ತಿರ ಹೋಗಿ ನೋಡಿದ ಮೇಲೆ ಗೊತ್ತಾಯಿತು.

ಮೊದಲ ಕೆಲಸ, ಪ್ಯಾಡ್ ಹಾಕಿಕೊಳ್ಳಿ. ಹಳೆ ಬಟ್ಟೆ ಬೇಡ. ಬಿಳಿ ಪ್ಯಾಡಿನ ಮೇಲೆ ಬಣ್ಣ ಕಾಣುತ್ತದೆ, ಎಣಿಸಲೂ ಬರುತ್ತದೆ. ಆಮೇಲೆ ಬರೆದಿಡಿ. ನಾನು ಅಳತೆ ಬರೆಯುವ ವಹಿಯಲ್ಲೇ, ಯಾರದೋ ತೋಳಿನ ಅಳತೆ ಪಕ್ಕದಲ್ಲಿ ಬರೆದೆ: "3:20, ಕಂದು, ನೋವಿಲ್ಲ. 5:00, ಕೆಂಪು, ಅರ್ಧ ಪ್ಯಾಡ್, ಸೊಂಟ ಹಿಡಿದಿದೆ." ಡಾಕ್ಟರ್ ಕೇಳಿದ್ದೂ ಇದನ್ನೇ. ಕೊನೆಯ ಮುಟ್ಟು ಯಾವಾಗ, ಎಷ್ಟು ಪ್ಯಾಡ್, ಗಡ್ಡೆ ಬಿತ್ತಾ, ನೋವು ಯಾವ ಕಡೆ, ಬ್ಲಡ್ ಗ್ರೂಪ್ ಏನು. ಗಾಬರಿಯಲ್ಲಿ ಇವು ಒಂದೂ ಬಾಯಿಗೆ ಬರುವುದಿಲ್ಲ.

ರಕ್ತ ಕಂಡ ಕೂಡಲೇ ಎಲ್ಲ ಮುಗಿಯಿತು ಅಂತ ಅಲ್ಲ. ಮೊದಲ ಮೂರು ತಿಂಗಳಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಸ್ವಲ್ಪವಾದರೂ ಕಾಣುತ್ತದೆ, ಅವರಲ್ಲಿ ಬಹಳ ಜನರ ಬಸುರು ಮುಂದುವರಿಯುತ್ತದೆ. ಪಕ್ಕದ ಮನೆ ವೈನಿಗೂ ಆಗಿತ್ತು. ಅವರ ಮಗ ಈಗ ನನ್ನ ಗುಂಡಿ ಡಬ್ಬಿ ಚೆಲ್ಲಲು ಬರುತ್ತಾನೆ.

ಆದರೆ ಕೆಲವಕ್ಕೆ ಕಾಯಬಾರದು. ಗಂಟೆಗೆ ಎರಡು ಪ್ಯಾಡ್ ಪೂರ್ತಿ ತೊಯ್ದು, ಎರಡು ಗಂಟೆ ಹಾಗೇ ನಡೆದರೆ ಹೊರಡಿ. ಜ್ವರ ಬಂದರೆ, ಕೆಟ್ಟ ವಾಸನೆ ಬಂದರೆ ಹೊರಡಿ. ಎಲ್ಲಕ್ಕಿಂತ ಮೋಸದ್ದು ಬೇರೆ ಇದೆ: ಹೊಟ್ಟೆಯ ಒಂದೇ ಬದಿಗೆ ಚುಚ್ಚುವ ನೋವು, ಭುಜದ ತುದಿಯಲ್ಲಿ ನೋವು, ಕಣ್ಣಿಗೆ ಕತ್ತಲು. ಗರ್ಭ, ಗರ್ಭಕೋಶಕ್ಕೆ ಬರದೆ ನಳಿಕೆಯಲ್ಲೇ ನಿಂತಿದ್ದರೆ ಹೀಗಾಗುತ್ತದೆ. ಒಡೆದರೆ ರಕ್ತ ಒಳಗೇ ತುಂಬುತ್ತದೆ, ಪ್ಯಾಡಿನ ಮೇಲೆ ಎರಡು ಹನಿ ಅಷ್ಟೇ ಕಾಣಬಹುದು. ಬೈಕಿನ ಹಿಂದೆ ಕೂರಬೇಡಿ, 108ಕ್ಕೆ ಫೋನ್ ಮಾಡಿ.

ನಾನು ಮೊದಲು ಹೋದ ಕಡೆ ಸ್ಕ್ಯಾನೇ ಮಾಡಲಿಲ್ಲ. "ಹದಿನೈದು ದಿನ ಮಲಗಿಬಿಡಿ" ಅಂದರು. ಮಲಗಿದೆ. ಹಾಸಿಗೆ ಹಿಡಿದರೆ ಗರ್ಭ ನಿಲ್ಲುತ್ತದೆ ಅನ್ನುವುದಕ್ಕೆ ಪುರಾವೆ ಇಲ್ಲ ಅಂತ ಆಮೇಲೆ ಬಾಗಲಕೋಟೆಯ ಡಾಕ್ಟರ್ ಹೇಳಿದರು. ಅಲ್ಲಿ ಸ್ಕ್ಯಾನ್ ಆಯಿತು. ದಿನಕ್ಕೆ ತಕ್ಕ ಬೆಳವಣಿಗೆ ಇಲ್ಲ, ವಾರ ಬಿಟ್ಟು ಬನ್ನಿ ಅಂದರು. ಆ ವಾರ ಕಳೆಯುವುದು ಕಷ್ಟ, ನಿಜ. ಆದರೆ ಒಂದೇ ಸ್ಕ್ಯಾನ್ ನೋಡಿ ಸಂಶಯದಲ್ಲೇ "ಕ್ಲೀನ್ ಮಾಡ್ಸಿ" ಅಂದರೆ, ರಕ್ತ ಜಾಸ್ತಿ ಇಲ್ಲದಿದ್ದರೆ, ಎರಡನೇ ಸ್ಕ್ಯಾನ್ ಕೇಳಿ. ದಿನ ಲೆಕ್ಕ ತಪ್ಪಿರಬಹುದು. ನನ್ನದು ತಪ್ಪಿರಲಿಲ್ಲ. ಬಡಿತ ಬರಲಿಲ್ಲ.

ಅತ್ತಿ ಕೇಳಿದರು, "ಪಪ್ಪಾಯಿ ತಿಂದಿದ್ದಿ ಏನ? ಮಷೀನ್ ತುಳಿಬ್ಯಾಡ ಅಂದಿದ್ನೆಲ್ಲ?" ನಾನು ಅದನ್ನೇ ಡಾಕ್ಟರ್ ಮುಂದೆ ಕೇಳಿದೆ. ಶುರುವಿನಲ್ಲಿ ಹೋಗುವ ಗರ್ಭಗಳಲ್ಲಿ ಅರ್ಧಕ್ಕಾದರೂ ಕಾರಣ ಕ್ರೋಮೋಸೋಮ್ (ಅಪ್ಪ-ಅವ್ವನಿಂದ ಬರುವ ವಂಶವಾಹಿ ಎಳೆ) ಹೆಚ್ಚುಕಡಿಮೆ ಕೂಡಿರುವುದು, ಪೆಡಲ್ ಅಲ್ಲ ಅಂದರು. ಅತ್ತಿಯನ್ನೂ ಒಳಗೆ ಕರೆದುಕೊಂಡು ಹೋಗಿದ್ದೆ. ಇದು ನನ್ನ ಜಾಣತನ ಅಂತಲೇ ಹೇಳುತ್ತೇನೆ. ನೀವೂ ಕರೆದುಕೊಂಡು ಹೋಗಿ.

ಬಡಿತ ಇಲ್ಲ ಅಂತ ಖಚಿತವಾದ ಮೇಲೆ ತಾನಾಗಿ ಹೋಗಲು ಕಾಯಬಹುದು, ಮಾತ್ರೆ ತಗೊಳ್ಳಬಹುದು, ಕ್ಲೀನ್ ಮಾಡಿಸಬಹುದು. ನಾನು ಡಾಕ್ಟರ್ ಕೊಟ್ಟ ಮಾತ್ರೆ ತಗೊಂಡೆ. ಅಂಗಡಿಯಿಂದ ಸುಮ್ನೆ ತಂದು ನುಂಗುವುದಲ್ಲ. ನಿಮ್ಮ ಗ್ರೂಪ್ ನೆಗೆಟಿವ್ ಇದ್ದರೆ ಆಂಟಿ-ಡಿ ಇಂಜೆಕ್ಷನ್ (ಮುಂದಿನ ಬಸುರಿನ ಮಗುವಿಗೆ ತೊಂದರೆ ಆಗದಿರಲಿ ಅಂತ ಕೊಡುವುದು) ಬೇಕಾ ಅಂತ ನೀವೇ ಕೇಳಿ. ಬೇಕಾದರೆ ಗರ್ಭ ಹೋದ 72 ಗಂಟೆಯೊಳಗೆ ಆಗಬೇಕು. ನನ್ನದು ನೆಗೆಟಿವ್, ನಾನು ಕೇಳದಿದ್ದರೆ ಮರೆತೇ ಹೋಗುತ್ತಿತ್ತು. ಕೆಲಸಕ್ಕೆ ಹೋಗುವವರಿಗೆ, ಹೆರಿಗೆ ಸೌಲಭ್ಯದ ಕಾನೂನು ಅನ್ವಯಿಸಿದರೆ, ಗರ್ಭ ಹೋದರೂ ಆರು ವಾರ ಸಂಬಳದ ರಜೆ ಇದೆ. ಡಾಕ್ಟರ್ ಹತ್ತಿರ ಸರ್ಟಿಫಿಕೇಟ್ ಬರೆಸಿಕೊಳ್ಳಿ.

ಗರ್ಭ ಹೋದ ಮೇಲೂ ಕೆಲವು ವಾರ ಕಿಟ್‌ನಲ್ಲಿ ಎರಡು ಗೀಟು ಬರುತ್ತಲೇ ಇರಬಹುದು. ಹೊಸ ಬಸುರು ಅಂದುಕೊಳ್ಳಬೇಡಿ. ಮುಟ್ಟು ನಾಲ್ಕರಿಂದ ಆರು ವಾರಕ್ಕೆ ಬರುತ್ತದೆ. ಅದಕ್ಕೂ ಮೊದಲೇ ಬಸುರು ನಿಲ್ಲಬಹುದು, ಈಗಲೇ ಬೇಡ ಅಂದರೆ ಕಾಂಡೋಮ್ ಇರಲಿ.

ಮತ್ತೆ ಯಾವಾಗ? ಅವ್ವ ವರ್ಷ ಅಂದಳು. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಆರು ತಿಂಗಳು ಅಂದಿತ್ತು. ಬೇಗ ನಿಂತರೆ ತೊಂದರೆ ಜಾಸ್ತಿ ಅಂತೇನೂ ಆಮೇಲಿನ ಅಧ್ಯಯನಗಳಲ್ಲಿ ಕಾಣಲಿಲ್ಲ. ನಮ್ಮ ಡಾಕ್ಟರ್, ದಿನ ಲೆಕ್ಕಕ್ಕೆ ಸಲೀಸಾಗಲಿ, ಒಂದು ಮುಟ್ಟು ಆಗಲಿ, ಆಮೇಲೆ ನಿಮ್ಮಿಷ್ಟ ಅಂದರು. ಮುತ್ತು ಗರ್ಭ (ಮಗುವಿನ ಬದಲು ದ್ರಾಕ್ಷಿ ಗೊಂಚಲಿನಂತೆ ಬೆಳೆಯುವುದು) ಆಗಿದ್ದವರು ಮಾತ್ರ ಡಾಕ್ಟರ್ ಹೇಳುವವರೆಗೆ ಕಾಯಲೇಬೇಕು. ಎರಡು ಸಲ ಹೋಗಿದ್ದರೆ ಕಾರಣ ಹುಡುಕುವ ಟೆಸ್ಟ್ ಕೇಳಿ.

ನನಗೆ ತಡ ಮಾಡಿದ್ದು ಹಿಮೋಗ್ಲೋಬಿನ್. ಒಂಬತ್ತರ ಹತ್ತಿರ ಇತ್ತು, ಕಡಿಮೆ. ಪುಂಡಿ ಪಲ್ಯ, ಜೋಳದ ರೊಟ್ಟಿ ತಿನ್ನುತ್ತೇನಲ್ಲ ಅಂದೆ. ಊಟವಾದ ಕೂಡಲೇ ಚಹಾ ಕುಡಿಯುತ್ತೀರಾ ಅಂತ ಕೇಳಿದರು. ಕುಡಿಯುತ್ತಿದ್ದೆ, ಲೋಟ ತುಂಬ. ಕಬ್ಬಿಣದ ಅಂಶ ಮೈಗೆ ಹತ್ತಲು ಅದು ಬಿಡುವುದಿಲ್ಲವಂತೆ. ಚಹಾ ಮುಂದೂಡಿ, ಕಬ್ಬಿಣದ ಮಾತ್ರೆ ಶುರು ಮಾಡಿದೆ. ಥೈರಾಯ್ಡ್, ಶುಗರ್ ನೋಡಿಸಿಕೊಂಡೆ. ಫೋಲಿಕ್ ಆಸಿಡ್ ಬಸುರಾಗುವ ತಿಂಗಳ ಮೊದಲೇ ಶುರುವಾಗಬೇಕು, ಸಾಮಾನ್ಯವಾಗಿ ದಿನಕ್ಕೆ 400 ಮೈಕ್ರೋಗ್ರಾಂ. ಶುಗರ್, ಫಿಟ್ಸ್ ಇದ್ದವರಿಗೆ ಜಾಸ್ತಿ ಬೇಕಾಗುತ್ತದೆ, ಕೇಳಿಕೊಳ್ಳಿ.

ಮತ್ತೆ ಗೀಟು ಎರಡು ಬಂದರೆ ಏಳನೇ ವಾರಕ್ಕೆ ಸ್ಕ್ಯಾನ್ ಗೊತ್ತು ಮಾಡಿಕೊಳ್ಳಿ. ಮೂರು ತಿಂಗಳವರೆಗೆ ಯಾರಿಗೂ ಹೇಳಬಾರದು ಅನ್ನುತ್ತಾರೆ, ಅಲ್ವಾ? ನಾನು ಈ ಸಲ ಅವತ್ತೇ ವೈನಿಗೆ ಹೇಳಿದೆ. ರಾತ್ರಿ ಎರಡಕ್ಕೆ ಬಾಗಿಲು ಬಡಿಯಲು ಒಂದು ಮನೆ ಬೇಕಲ್ಲ.