ಬೆಳ್ಳಿಯಲ್ಲಿ ನಜ್ಜುಗುಜ್ಜಾದ ಕ್ಯಾನ್: ನಾಲ್ಕನೇ ಸಲ ಕೈಗೆ ಬಂತು

‘ಅಚ್ಚು ಹೊಯ್ದುಬಿಡು, ಸುಮ್ನೆ ಯಾಕೆ ಬಡಿಯುತ್ತೀಯ?’ ಎಲ್ಲರೂ ಹೇಳಿದ್ದು ಇದೇ ಮಾತು. ಕುಡಿದು, ಮೆಟ್ಟಿ ಬಿಸಾಡಿದ ಅಲ್ಯೂಮಿನಿಯಂ ಕ್ಯಾನನ್ನು ಬೆಳ್ಳಿಯಲ್ಲಿ, ಎಲ್ಲೂ ಬೆಸುಗೆ ಹಾಕದೆ, ತಗಡನ್ನು ಬಡಿದೇ ಎಬ್ಬಿಸಬೇಕು ಅನ್ನುವುದು ನನ್ನ ಹಟ. ಅಚ್ಚನ್ನೂ ಹೊಯ್ದು ನೋಡಿದ್ದೆ. ಮಡಿಕೆಗಳೆಲ್ಲ ಕರಗಿದ ಸೋಪಿನ ಹಾಗೆ ಬಂದವು. ಬಿಗಿಯೇ ಇಲ್ಲ.

ಅಲ್ಯೂಮಿನಿಯಂ ಒಂದು ಕಾಲಕ್ಕೆ ಬೆಳ್ಳಿಯ ಬೆಲೆ ಬಾಳುತ್ತಿತ್ತು. 1884ರಲ್ಲಿ ವಾಷಿಂಗ್ಟನ್ ಸ್ಮಾರಕದ ತುದಿಗೆ ಕೂರಿಸಿದ್ದು ಅದನ್ನೇ, ಸುಮಾರು 2.8 ಕೆ.ಜಿ. ತುಂಡು. ಎರಡೇ ವರ್ಷಕ್ಕೆ ಅಮೆರಿಕದ ಹಾಲ್ ಮತ್ತು ಫ್ರಾನ್ಸಿನ ಹೆರೂ ವಿದ್ಯುತ್ತಿನಿಂದ ಅದನ್ನು ತೆಗೆಯುವ ದಾರಿ ಕಂಡುಕೊಂಡರು. ಆಮೇಲೆ ಬೆಲೆ ಕುಸಿಯಿತು. ಈಗ ಅದೇ ಲೋಹ ಹತ್ತು ನಿಮಿಷ ಕೈಯಲ್ಲಿದ್ದು ಕಸಕ್ಕೆ ಹೋಗುತ್ತದೆ. ಈ ಸಂಗತಿ ನನ್ನ ತಲೆಯಿಂದ ಇಳಿಯಲೇ ಇಲ್ಲ.

ಮೊದಲೆರಡು ಸಲ, ಗಟ್ಟಿ ಇರಲಿ ಅಂತ, 925 ಬೆಳ್ಳಿ (ಸಾವಿರಕ್ಕೆ 925 ಪಾಲು ಬೆಳ್ಳಿ, ಮಿಕ್ಕಿದ್ದು ತಾಮ್ರ) ತೆಗೆದುಕೊಂಡೆ. ಬಡಿದು ಗಡುಸಾದದ್ದನ್ನು ಮೆತ್ತಗೆ ಮಾಡಲು ಪದೇ ಪದೇ ಕಾಸಿದ್ದಕ್ಕೆ ಅದರೊಳಗಿನ ತಾಮ್ರ ಕಲೆ ಕಟ್ಟಿತು. ಮಡಿಕೆಯೊಳಗೆ ಉಜ್ಜುವುದಕ್ಕೆ ಏನೂ ಹೋಗುವುದಿಲ್ಲ. ಎರಡನೆಯದಂತೂ ಮೂಲೆಯಲ್ಲಿ ಸೀಳಿಹೋಯಿತು. ಮೂರನೆಯದಕ್ಕೆ ಶುದ್ಧ ಬೆಳ್ಳಿ. ‘ಬೆಣ್ಣೆಯಂಥದ್ದು, ನಿಲ್ಲುವುದಿಲ್ಲ’ ಅಂದರು. ಅದನ್ನು ಒಂದು ಸಲ ಜಾಸ್ತಿ ಕಾಸಿಬಿಟ್ಟೆ. ಲೋಹದೊಳಗಿನ ಹರಳು ದಪ್ಪವಾಗಿ ಮೈಯೆಲ್ಲ ಕಿತ್ತಳೆ ಸಿಪ್ಪೆಯ ಹಾಗಾಯಿತು.

ಪ್ರತಿ ಸಲವೂ 200 ಗ್ರಾಂ ಮೇಲೆ ಬೆಳ್ಳಿ. ಗುಜರಿ ಲೆಕ್ಕದಲ್ಲಿ ಮಾರಿ ತಗಡಿನ ಲೆಕ್ಕದಲ್ಲಿ ಕೊಂಡರೆ ಏನಾಗುತ್ತದೆ ಅಂತ ನಿಮಗೂ ಗೊತ್ತು. ಹೋದ ದುಡ್ಡಲ್ಲಿ ಇನ್ನೊಂದು ಕ್ಯಾನ್ ಆಗುತ್ತಿತ್ತು.

ನಾಲ್ಕನೆಯದೂ ಶುದ್ಧ ಬೆಳ್ಳಿಯೇ. 0.7 ಮಿ.ಮೀ. ತಗಡು, ಹೆಚ್ಚುಕಡಿಮೆ 19 ಸೆಂ.ಮೀ. ಬಿಲ್ಲೆ. ಮೈ ಎಬ್ಬಿಸುವುದಕ್ಕೆ 25-30 ಸುತ್ತು ಬಡಿದಿರಬೇಕು. ಆಮೇಲೆ ಒಳಗೆ ಆಸರೆಗೆ ರಾಳ ತುಂಬಿ ನಜ್ಜಿಸಿದೆ. ಒಂದೇ ಏಟಿಗಲ್ಲ, ಮೂರು ಕಂತಿನಲ್ಲಿ. ನಡುನಡುವೆ ರಾಳ ಇಳಿಸಿ ಕಾಸಬೇಕು. ಕೊನೆಯ ಕಂತಾದ ಮೇಲೆ ಮಾತ್ರ ಕಾಸಕೂಡದು. ರಾಳಕ್ಕೆ ಏನು ಬೆರೆಸಿದೆ, ಅದು ಎಷ್ಟು ಬೆಚ್ಚಗಿದ್ದಾಗ ಒತ್ತಿದೆ ಅನ್ನುವುದು ನನ್ನಲ್ಲೇ ಇರಲಿ.

ನಿಜವಾದ ಕ್ಯಾನನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ. ಮಡಿಕೆ ನೇರ ಓಡುವುದಿಲ್ಲ. ವಜ್ರದ ಆಕಾರದಲ್ಲಿ ಒಡೆದು, ಗೆರೆಗಳು ಸೇರುವ ಕಡೆ ಮೊನೆಯಾಗುತ್ತದೆ. ಆ ಮೊನೆ ಬಂದರೆ ಬೆಳಕು ಅಲ್ಲೇ ಕೂರುತ್ತದೆ. ನನ್ನದರಲ್ಲಿ ಅಂಥವು 11 ಇವೆ. ಮಡಿಕೆ ಬಿದ್ದ ಮೇಲೆ ಆ ‘ಬೆಣ್ಣೆ’ ಬೆರಳಲ್ಲಿ ಒತ್ತಿದರೂ ಜಗ್ಗುವುದಿಲ್ಲ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಬೆಳ್ಳಿ ಮುಚ್ಚಳದ ಮೇಲೆ ಕ್ಯಾನ್ ತೆರೆಯಲು ಎಳೆಯುವ ಅಸಲಿ ಅಲ್ಯೂಮಿನಿಯಂ ಟ್ಯಾಬನ್ನೇ ಕೂರಿಸೋಣ ಅಂತ ಉರಿ ತೋರಿಸಿದೆ. ಬೆಳ್ಳಿ ಕರಗುವುದು 961 ಡಿಗ್ರಿಗೆ, ಅಲ್ಯೂಮಿನಿಯಂ 660ಕ್ಕೆ. ಎರಡೂ ಅಂಟಿಕೊಂಡರೆ 570ರ ಆಸುಪಾಸಿಗೇ ನೀರು! ಕಣ್ಣೆದುರೇ ಮುಚ್ಚಳದಲ್ಲಿ ತೂತು ಬಿತ್ತು. ಕೊನೆಗೆ ಕ್ಯಾನಿನ ಕಾರ್ಖಾನೆಯ ದಾರಿಯನ್ನೇ ಹಿಡಿದೆ. ಮುಚ್ಚಳದ ತಗಡನ್ನೇ ಮೊಳೆಯ ಹಾಗೆ ಉಬ್ಬಿಸಿ, ಚಪ್ಪಟೆ ಬಡಿದು ಟ್ಯಾಬನ್ನು ರಿವೆಟ್ ಮಾಡಿದೆ, ಅಂಚನ್ನು ಮಡಿಸಿ ಮುಚ್ಚಳ ಬಿಗಿದೆ. ಉರಿಯೇ ಬೇಕಾಗಲಿಲ್ಲ.

ಈಗ ಎರಡನ್ನೂ ತಕ್ಕಡಿಯಲ್ಲಿ ಎದುರುಬದುರು ಇಟ್ಟಿದ್ದೇನೆ. ಅಲ್ಯೂಮಿನಿಯಂ 14 ಗ್ರಾಂ, ಬೆಳ್ಳಿ 190ರ ಹತ್ತಿರ. ನೋಡಲು ಬಂದವರು ಮೊದಲು ಕೇಳುವುದು ಬೆಳ್ಳಿ ಎಷ್ಟು ಗ್ರಾಂ ಅಂತ. ಆಮೇಲೆ ಬಗ್ಗಿ, ಆ ಹಗುರ ಕ್ಯಾನನ್ನು ತುಂಬಾ ಹೊತ್ತು ನೋಡುತ್ತಾರೆ.

ಮುಂದಿನದು ಬಾಟಲಿಯ ಮುಚ್ಚಳ. ಅದಕ್ಕೆ 21 ಹಲ್ಲು. ಇವತ್ತಿಗೆ 12 ಆಗಿವೆ.